ಗುರುಗಳ ತೂಕ

ಯಾವ ಅಳತೆಗೂ ಸಿಗದವನೇ, ಅಳತೆಯೊಳಗೆ ಬದುಕುವ ನಮ್ಮನ್ನು ಕಾಯುವ ಶಿವನೇ, ನಿನ್ನ ಅಡಿಗೆ ಶರಣು. ಈ ಕಥೆ ಹೇಳುವ ನಾಲಿಗೆಯ ಮೇಲೆ ನೀನಿರು.

ಕಪಿಲಾ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಶಾಂತಮಲ್ಲ ಸ್ವಾಮಿಗಳು. ಅವರ ಸೇವೆಗೆ ಪರ್ವತಯ್ಯನೆಂಬ ಶಿಷ್ಯ.

ಪರ್ವತಯ್ಯನಿಗೆ ಗುರುವೇ ದೇವರು. ದಿನಾ ಬೆಳಗ್ಗೆ ಭಕ್ತಿಯಿಂದ ಕಣ್ಣು ಮುಚ್ಚಿಕೊಂಡೇ ಅವರ ಪಾದ ತೊಳೆದು, ಹೂವೇರಿಸಿ, ಪಾದೋದಕ ಸೇವಿಸಿದ ಮೇಲೆಯೇ ಅವನ ಬಾಯಿಗೆ ಬೇರೆ ನೀರು.

ಒಮ್ಮೆ ಅವನು ಪೇಟೆಯ ಆರೋಗ್ಯ ಶಿಬಿರಕ್ಕೆ ಹೋಗಿ ಬಂದ. ಬರುವಾಗ ಕಂಕುಳಲ್ಲಿ ತೂಕದ ಯಂತ್ರ.

“ಏನಯ್ಯಾ ಇದು?” ಎಂದರು ಗುರುಗಳು.

“ಬಿಎಂಐ ಅಂತ ಒಂದು ಲೆಕ್ಕ ಇದೆ, ಬುದ್ಧಿ. ಕೆ.ಜಿ. ತೂಕಾನ ಮೀಟರ್ ಎತ್ತರದಿಂದ ಭಾಗಿಸೋದು, ಬಂದಿದ್ದನ್ನ ಇನ್ನೊಂದ್ಸಲ ಎತ್ತರದಿಂದ್ಲೇ ಭಾಗಿಸೋದು. ಹದಿನೆಂಟೂವರೆಗಿಂತ ಕಮ್ಮಿ ಬಂದ್ರೆ ಬಡಕಲು. ಇಪ್ಪತ್ಮೂರು ದಾಟಿದ್ರೆ ತೂಕ ಜಾಸ್ತಿ. ನಡುವೆ ಇದ್ರೆ ಹದ.”

“ಶಿಬಿರದೋರು ಇಷ್ಟೇ ಹೇಳಿದ್ರಾ?”

“ಇನ್ನೂ ಏನೋ ಹೇಳ್ತಿದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬಂದೆ.”

ಗುರುಗಳು ನಕ್ಕು ಯಂತ್ರದ ಮೇಲೆ ನಿಂತರು. ಪರ್ವತಯ್ಯ ಎತ್ತರದಿಂದ ಎರಡು ಸಲ ಭಾಗಿಸಿ ನೋಡಿದ. ಹದಿನೇಳು ಬಂತು. ಗುರುವನ್ನು ಹದಕ್ಕೆ ತಂದೇ ತರುತ್ತೇನೆಂದು ಶಿವನ ಮುಂದೆ ಹರಕೆ ಹೊತ್ತ. ಹಾಲು ಕಾಸಿದ, ತುಪ್ಪ ಬಡಿಸಿದ.

ದಿನ ಕಳೆದಂತೆ ಅಂಕಿ ಏರತೊಡಗಿತು. ಗುರುಗಳೋ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು.

“ತಿನ್ನದೇ ಮೈ ತುಂಬ್ತಿದ್ದಾರೆ. ಶಿವನ ಕೃಪೆ ಅಂದ್ರೆ ಇದು!” ಎಂದು ಬಂದ ಭಕ್ತರಿಗೆಲ್ಲ ಹೇಳಿದ.

ಗುರುಗಳು ಪಾದುಕೆ ಮೆಟ್ಟುವುದನ್ನು ಬಿಟ್ಟರು. ಅದನ್ನೂ ತ್ಯಾಗ ಮಾಡಿದರೆಂದು ಪರ್ವತಯ್ಯ ಪಾದುಕೆಗಳನ್ನು ಗದ್ದುಗೆಯ ಮೇಲಿಟ್ಟು ಪೂಜಿಸಿದ. ಮಲಗುವುದನ್ನು ಬಿಟ್ಟರು. ಇರುಳೆಲ್ಲ ಗೋಡೆಗೊರಗಿ ಕೂತಿರುತ್ತಿದ್ದರು. ಅದು ಯೋಗವೆಂದ.

“ಮಲಗಿದ್ರೆ ಉಸಿರು ಕಟ್ಟುತ್ತೆ, ಮರಿ.”

“ಹತ್ತೊಂಬತ್ತು ಬಂದಿದೆ, ಬುದ್ಧಿ! ತಮಗೇನೂ ಆಗಿಲ್ಲ.”

ಗುರುಗಳು ಮತ್ತೆ ಆ ಮಾತೆತ್ತಲಿಲ್ಲ.

ಒಂದು ಸೋಮವಾರ ಅಂಕಿ ಇಪ್ಪತ್ತೊಂದಕ್ಕೆ ಬಂದು ನಿಂತಿತು. ಪರ್ವತಯ್ಯ ಊರಿಗೆಲ್ಲ ಸಕ್ಕರೆ ಹಂಚಿ ಬಂದು ಗುರುಗಳಿಗೆ ಉದ್ದಕ್ಕೆ ಅಡ್ಡಬಿದ್ದ.

“ಹಾಗಾದ್ರೆ ನಾನು ಗಟ್ಟಿಯಾದೆ ಅಂತೀಯಾ?”

“ಕಲ್ಲುಗುಂಡು, ಬುದ್ಧಿ!”

ಗುರುಗಳು ಕಾಲು ಚಾಚಿದರು. “ಕಣ್ಣು ಬಿಡು. ಇಲ್ಲಿ ಹೆಬ್ಬೆಟ್ಟಿಟ್ಟು ಒತ್ತು.”

ಒತ್ತಿದ.

“ಈಗ ಕೈ ತೆಗೆ.”

ತೆಗೆದ. ಬೆರಳು ಬಂತು, ಗುಳಿ ಉಳಿಯಿತು. ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ. ಕಾದು ಕೂತರೂ ಅದು ತುಂಬಿಕೊಳ್ಳಲಿಲ್ಲ.

“ಏನಿದು, ಬುದ್ಧಿ?”

“ನೀನು ಇಷ್ಟು ದಿನ ತೂಗಿದ್ದು. ನೀರು.”

ಪರ್ವತಯ್ಯ ಆಗ ತಲೆಯೆತ್ತಿ ನೋಡಿದ. ಕಾಲುಗಳು ಕಂಬ. ತೋಳುಗಳು ಕಡ್ಡಿ. ಕೊರಳ ಬುಡದಲ್ಲಿ ಬೊಗಸೆ ನೀರು ನಿಲ್ಲುವಷ್ಟು ಹಳ್ಳ.

ಆಟೋ ಹಿಡಿದು ಪೇಟೆಯ ಆಸ್ಪತ್ರೆಗೆ ಓಡಿದ. ಡಾಕ್ಟರಮ್ಮ ಗುರುಗಳ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು.

“ಹೃದಯ ಸೋತುಹೋಗಿದೆ. ಮೊದಲೇ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಈ ಕಾಲನ್ನ ಯಾರೂ ನೋಡಲೇ ಇಲ್ವಾ?”

“ದಿನಾ ಪೂಜೆ ಮಾಡ್ತಿದ್ದೆ, ಅಮ್ಮಾ.”

ಡಾಕ್ಟರಮ್ಮ ಅವನ ಮುಖ ನೋಡಿ, ಚೀಟಿ ಬರೆದರು.

ಮದ್ದಿಗೆ ನೀರಿಳಿಯಿತು. ಮತ್ತೆ ತೂಗಿದಾಗ ಅಂಕಿ ಹದಿನೈದು. ಗುರುಗಳು ಎಂಬುದು ಅಷ್ಟೇ ಉಳಿದಿತ್ತು.

ಕೊನೆಯ ದಿನಗಳಿಗೆ ಮಠವೇ ಸಾಕೆಂದರು ಗುರುಗಳು. ಕರೆತಂದು ಹೊಳೆ ಕಾಣುವ ಜಗಲಿಯಲ್ಲಿ, ದಿಂಬುಗಳ ಆಸರೆ ಕೊಟ್ಟು ಕೂರಿಸಿದ ಪರ್ವತಯ್ಯ, ಯಂತ್ರವನ್ನು ಎತ್ತಿಕೊಂಡ.

“ಇದನ್ನ ಹೊಳೆಗೆ ಎಸೆದು ಬರ್ತೀನಿ, ಬುದ್ಧಿ.”

“ಅದೇನು ಮಾಡ್ತು, ಪಾಪ? ನಾನು ಸೊರಗಿದ್ದೀನಿ ಅಂತ ಮೊದ್ಲು ಹೇಳಿದ್ದೇ ಅದು. ತನಗೆ ಗೊತ್ತಿದ್ದಷ್ಟು ಹೇಳ್ತು.” ಗುರುಗಳು ಸುಧಾರಿಸಿಕೊಂಡರು. “ನಾನೂ ಹೇಳಿದ್ದೆ.”

ಪರ್ವತಯ್ಯ ಯಂತ್ರವನ್ನು ನೆಲಕ್ಕಿಳಿಸಿದ. ಬಿಕ್ಕುತ್ತ ಕುಸಿದು ಕೂತ.

“ಕ್ಷಮಿಸಿದೆ ಅಂದ್ಬಿಡಿ, ಬುದ್ಧಿ. ನನಗೆ ಅಷ್ಟು ಸಾಕು.”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು. ಆ ಕೈಗೆ ಭಾರವೇ ಇರಲಿಲ್ಲ.

“ಕ್ಷಮಿಸಿದೆ, ಮರಿ. ನಿನಗೆ ಅಷ್ಟು ಸಾಕು. ನನಗೆ ಉಸಿರು ಸಾಲ್ತಿಲ್ಲ.”

ಕಥೆ ಕೇಳಿದ ನಿಮ್ಮೆಲ್ಲರ ಮನೆಯ ಹಿರಿಯರು ಇಂದು ಸುಖವಾಗಿ ಮಲಗಿ ನಿದ್ರಿಸಲಿ. ಶಿವನು ಒಳ್ಳೆಯದು ಮಾಡಲಿ.