ಬೇಲಿಯೊಳಗಿನ ಹೀರೆಬಳ್ಳಿ

ಹೊಳೆ ಇದ್ದೂ ನೀರಿಲ್ಲದ ತಿಂಗಳದು. ಮೇಲೆ ಬಿಸಿಲು ನೆತ್ತಿ ಸುಡುತ್ತಿತ್ತು, ಕೆಳಗೆ ಮರಳು ಅಂಗಾಲು ಸುಡುತ್ತಿತ್ತು.

ಆ ಹೊಳೆಯ ದಂಡೆಗೆ ಒಂದು ಮಠ. ಮಠ ಅಂದರೆ ದೊಡ್ಡದೇನಲ್ಲ, ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಅಂಗಳ. ನಿರ್ವಾಣಜ್ಜ ಅಂತ ಮುದುಕ ಗುರು. ಅಡಿವೆಪ್ಪ ಅಂತ ಒಬ್ಬನೇ ಶಿಷ್ಯ.

ಬಾಗಿಲ ಮುಂದೆ ಕಾಲು ತೊಳೆಯುವ ಒಂದು ಕಲ್ಲು. ಪಕ್ಕದಲ್ಲಿ ನೀರಿನ ಬಾನಿ. ಮೇಲೆ ಹೀರೆಬಳ್ಳಿಯ ಚಪ್ಪರ. ಮಠಕ್ಕೆ ಬರುವವರು ಹೊಳೆಯ ಮರಳು ತೋಡಿದ ಒರತೆಯಿಂದ ಒಂದು ತಂಬಿಗೆ ನೀರು ತಂದು ಬಾನಿಗೆ ಸುರಿಯಬೇಕು, ಕಲ್ಲಿನ ಮೇಲೆ ನಿಂತು ಕಾಲು ತೊಳೆಯಬೇಕು, ಆಮೇಲೆ ಒಳಗೆ ಬರಬೇಕು. ಯಾರು ಮಾಡಿದ ರೂಢಿಯೋ, ನಡೆದುಕೊಂಡು ಬಂದಿತ್ತು.

ಅಡಿವೆಪ್ಪ ಬಂದು ಮೂರು ವರ್ಷವಾಗಿತ್ತು. ಕಸ ಹೊಡೆದ, ಸಗಣಿ ಸಾರಿಸಿದ, ರೊಟ್ಟಿ ಬಡಿದ. ಅಜ್ಜ ಕಿವಿಯಲ್ಲಿ ಒಂದು ಮಾತೂ ಹೇಳಲಿಲ್ಲ.

"ಅಜ್ಜಾರ, ನನಗ ಉಪದೇಶ ಯಾವಾಗ್ರಿ?"

"ಆಗತೈತಿ ಬಿಡಪಾ. ರೊಟ್ಟಿ ಸೀಯಾಕತ್ತೈತಿ, ನೋಡು."

ಆ ಬೇಸಿಗೆಯಲ್ಲಿ ಮಾತ್ರ ಅಜ್ಜ ಬೇರೆ ಮಾತು ಆಡಿದ.

"ಈ ಸಲ ಹೀರೆಬಳ್ಳಿ ನಿನ್ನ ಕೈಯಾಗ. ಮಿರಗದ ಮಳಿ ಕೂಡೋತನಕ ಹಸಿರು ಉಳಿಸು. ಉಳೀತಂದರ ನೀ ಕೇಳಿದ್ದು ಕೊಡತೀನಿ."

"ಉಳೀಲಿಲ್ಲಂದರ?"

"ಉಳೀಲಿಲ್ಲಂದರ ಏನು ಮಾಡೋದು? ಖಾರದಪುಡಿ ಹಚ್ಚಿಕೊಂಡು ರೊಟ್ಟಿ ತಿನ್ನೋಣು."

ಅಜ್ಜನಿಗೆ ಅದು ಪಲ್ಯದ ಮಾತು. ಅಡಿವೆಪ್ಪನಿಗೆ ಹಾಗಲ್ಲ. ಬಳ್ಳಿ ಒಣಗಿತೆಂದರೆ ತನ್ನ ಮೂರು ವರ್ಷವೂ ಒಣಗಿದ ಹಾಗೆ, ಗಂಟುಮೂಟೆ ಕಟ್ಟಿ ಬಂದ ದಾರಿ ಹಿಡಿಯುವುದೇ ಸರಿ ಅಂತ ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಚೊಚ್ಚಲ ಬಾಣಂತಿ ಕೂಸು ಕಾದ ಹಾಗೆ ಕಾದ. ಎಲೆ ಮಗುಚಿ ಮಗುಚಿ ಕೆಂಪು ಹುಳ ಹೆಕ್ಕಿದ. ಒಲೆಯ ಬೂದಿ ಜರಡಿ ಹಿಡಿದು ಉದುರಿಸಿದ. ಎಳೆ ಮಿಡಿಗೆ ಬಿಸಿಲು ತಾಗೀತು ಅಂತ ಎಲೆ ಸರಿಸಿ ನೆರಳು ಮಾಡಿದ.

ಹೀಗೆ ಕಾಯುವವನ ಕಣ್ಣಿಗೆ ಬಂದವರೆಲ್ಲ ಕಳ್ಳರಂತೆ ಕಂಡರು. ಒಬ್ಬನ ತಲೆ ಮಿಡಿಗೆ ಬಡಿಯಿತು. ಒಬ್ಬನ ಕಾಲು ಬುಡದ ಮಣ್ಣು ತುಳಿಯಿತು. ಮಜ್ಜಿಗೆ ಮಾರುವ ಫಕೀರವ್ವ ಅಂತೂ ಕಾಲು ತೊಳೆದು, ಕೈಚಾಚಿ, ಒಂದು ಕಾಯಿ ತಿರುವಿ ಹರಿದು ಬುಟ್ಟಿಗೆ ಹಾಕಿಕೊಂಡಳು.

"ಅವ್ವಾ, ಕೇಳದ ಹರಕೊಳ್ಳೋದೇನು?"

"ಕೇಳಿದರ ನೀ ಕೊಡತಿದ್ದಿಲ್ಲಲ್ಲೋ ಯಪ್ಪಾ, ಅದಕ್ಕ ಕೇಳಲಿಲ್ಲ."

ಮರುದಿನವೇ ಅಡಿವೆಪ್ಪ ಜಾಲಿಮುಳ್ಳು ಕಡಿದು ತಂದ. ಕಾಲು ತೊಳೆಯುವ ಕಲ್ಲನ್ನೂ ಒಳಗೆ ಸೇರಿಸಿ ಬಳ್ಳಿಯ ಸುತ್ತ ಬೇಲಿ ಬಡಿದ. ಬಾನಿಯನ್ನು ಉರುಳಿಸಿಕೊಂಡು ಹೋಗಿ ದೂರದ ದಾರಿಬದಿಯ ಬೇವಿನ ಮರದ ಕೆಳಗೆ ಇಟ್ಟ.

ಅಜ್ಜ ಜಗುಲಿಯ ಮೇಲೆ ಕೂತು ನೋಡಿದ.

ಅಂದುಕೊಂಡಂತೆ ಮೊದಲು ಬಾಯಿ ತೆರೆದವಳು ಫಕೀರವ್ವ.

"ಏನೋ ಅಡಿವೆಪ್ಪ, ಬಳ್ಳಿಗಿ ಜೈಲು ಕಟ್ಟೀಯಲ್ಲ! ಏನು ಕಳವು ಮಾಡಿತ್ತದು?"

"ಬಳ್ಳಿ ಉಳೀಬೇಕವ್ವಾ. ಅಲ್ಲಿ ಬೇವಿನ ಗಿಡದ ಕೆಳಗ ತೊಳಕೊಂಡು ಬರ್ರಿ."

"ಅಲ್ಲಿ ತೊಳಕೊಂಡು ಇಲ್ಲಿಗಿ ಬರೋದರಾಗ ಮತ್ತ ಮೊಣಕಾಲ ಮಟ ಧೂಳು. ಹೆಂಗ ಒಳಗ ಬರಲಿ?"

"ಮೆಲ್ಲಕ ನಡದು ಬರ್ರಿ."

"ನಾ ಮೆಲ್ಲಕ ನಡದದ್ದು ಧೂಳಿಗಿ ತಿಳಿತೈತೇನು?"

ಅವಳು ಮಜ್ಜಿಗೆಯ ಗಡಿಗೆಯನ್ನು ಅಲ್ಲಿಯೇ ಇಟ್ಟು, ಅಲ್ಲಿಂದಲೇ ಅಜ್ಜನಿಗೆ ಕೈಮುಗಿದು ಹೋದಳು. ಉಳಿದವರೂ ಹಾಗೆಯೇ. ಮಣ್ಣುಗಾಲಲ್ಲಿ ಮಠ ಹೊಗುವುದಾದರೂ ಹೇಗೆ? ದಾರಿಯಿಂದಲೇ ಕೈಮುಗಿದರು, ಹೋದರು. ವಾರ ಕಳೆಯುವುದರಲ್ಲಿ ಕೈಮುಗಿಯುವವರೂ ಕಡಿಮೆಯಾದರು. ಬಾನಿಯ ತಳದಲ್ಲಿ ಬೇವಿನ ಎಲೆ ಬಿದ್ದು ಒಣಗಿದವು.

ಅಂಗಳ ತಣ್ಣಗಾಯಿತು. ಅಡಿವೆಪ್ಪನಿಗೆ ನೆಮ್ಮದಿ ಅನ್ನಿಸಿತು.

ದಿನಾ ನಸುಕಿಗೆ ಎದ್ದು ಒರತೆಗೆ ಹೋಗುತ್ತಿದ್ದ. ಒರತೆಯೂ ಸೊರಗಿತ್ತು. ಸರದಿಯಲ್ಲಿ ಕೂತರೆ ಎರಡು ಕೊಡ ನೀರು ಸಿಕ್ಕರೆ ಪುಣ್ಯ. ಒಂದು ಅಡುಗೆಗೆ, ಕುಡಿಯಲಿಕ್ಕೆ. ಇನ್ನೊಂದನ್ನು ಬೇಲಿ ಸರಿಸಿ ಬಳ್ಳಿಯ ಬುಡಕ್ಕೆ ಸುರಿಯುತ್ತಿದ್ದ. ಮಣ್ಣು ಒಂದೇ ಗುಟುಕಿಗೆ ಕುಡಿದು ಮತ್ತೆ ಬಾಯಿ ಬಿಡುತ್ತಿತ್ತು.

ಹತ್ತು ದಿನಕ್ಕೆ ಎಲೆಯ ಅಂಚು ಹಳದಿಯಾಯಿತು. ಹದಿನೈದಕ್ಕೆ ಸಂಜೆ ಅರಳಿದ ಹೂವು ಬೆಳಗಿಗೆ ನೆಲದ ಮೇಲೆ. ಅಲ್ಲೊಂದು ಇಲ್ಲೊಂದು ನಿಂತ ಕಾಯಿ ಸೊಟ್ಟಗೆ, ಗಿಡ್ಡಗೆ.

ಅದನ್ನೇ ಕೊಯ್ದು ಪಲ್ಯ ಮಾಡಿ ಅಜ್ಜನಿಗೆ ಬಡಿಸಿದ. ತಾನೊಂದು ತುತ್ತು ಬಾಯಿಗಿಟ್ಟ. ಕಹಿ ಅಂದರೆ ಕಹಿ, ನಾಲಿಗೆ ಹಿಂದಕ್ಕೆ ಹೋಯಿತು. ಅಜ್ಜನ ಮುಖ ನೋಡಿದ. ಅಜ್ಜ ರೊಟ್ಟಿ ಮುರಿದು ತಿನ್ನುತ್ತಲೇ ಇದ್ದ.

"ಹಾಗಲಕಾಯಿ ಚಲೋ ಆಗೇತಿ, ಅಡಿವೆಪ್ಪ."

"ಅದು ಹೀರೇಕಾಯಿ ರೀ."

"ಹೌದಾ? ಹಂಗಾದರ ಅದಕ್ಕ ಯಾರೂ ಹೇಳಿಲ್ಲ ಅನಸ್ತೈತಿ."

ಅಡಿವೆಪ್ಪ ನಗಲಿಲ್ಲ. ಎದ್ದು ಹೋಗಿ ಬೇಲಿಯ ಸಂದು ಮುಚ್ಚಿ ಮತ್ತಷ್ಟು ಮುಳ್ಳು ಹೇರಿದ. ಸಗಣಿ ನೀರು ಕದಡಿ ಹೊಯ್ದ. ತನ್ನ ಪಾಲಿನ ಕುಡಿಯುವ ನೀರನ್ನೂ ಹೊಯ್ದ. ಹೆಗಲು ಹುಣ್ಣಾಯಿತು, ತುಟಿ ಒಡೆಯಿತು. ಬಳ್ಳಿ ಮಾತ್ರ ಮುಖ ಎತ್ತಲಿಲ್ಲ.

ಮುಂಗಾರಿನ ಮಿರಗಕ್ಕೆ ಇನ್ನು ಇಪ್ಪತ್ತು ದಿನ ಉಳಿದಿತ್ತು. ಒಂದು ಮಧ್ಯಾಹ್ನ ಜಗುಲಿಯ ಮೇಲೆ ಅಜ್ಜ ಇಲ್ಲ. ಅಡಿವೆಪ್ಪ ಗಾಬರಿಯಾಗಿ ಹೊರಗೆ ಬಂದರೆ, ಅಜ್ಜ ಉರಿಬಿಸಿಲಲ್ಲಿ ಹೊಳೆಯ ಮರಳು ತುಳಿದು ಬರುತ್ತಿದ್ದಾನೆ. ಬರಿಗಾಲು. ಮೊಣಕಾಲಿನ ತನಕ ಧೂಳು. ಕೈಯಲ್ಲಿ ಒಂದು ತಂಬಿಗೆ ನೀರು.

ಬಂದವನೇ ಬೇಲಿಯ ಮುಂದೆ ನಿಂತ.

"ಕಾಲು ತೊಳಕೋಬೇಕಾಗಿತ್ತು."

"ಅಜ್ಜಾರ, ಈ ಬಿಸಿಲಾಗ ಎಲ್ಲಿಗಿ ಹೋಗಿದ್ರಿ? ಒಳಗ ಬರ್ರಿ. ಒಳಗ ತೊಳೀತೀನಿ."

"ಮಣ್ಣುಗಾಲಾಗ ಒಳಗ ಬರಬಾರದು. ನಲವತ್ತು ವರ್ಷ ಈ ಕಲ್ಲಿನ ಮ್ಯಾಲೇ ತೊಳಕೊಂಡೀನಿ."

"ಬೇಲಿ ಐತಲ್ರಿ…"

"ಹೌದು, ಐತಿ," ಅಂದ ಅಜ್ಜ. ಸುಡುವ ನೆಲದ ಮೇಲೆ ಒಂದು ಕಾಲು ಎತ್ತಿದ, ಇನ್ನೊಂದು ಇಟ್ಟ. ಅದನ್ನು ಎತ್ತಿದ, ಇದನ್ನು ಇಟ್ಟ.

ಅಡಿವೆಪ್ಪನಿಗೆ ಕೋಲು ಹುಡುಕುವಷ್ಟು ತಾಳ್ಮೆ ಇರಲಿಲ್ಲ. ಬರಿಗೈಯಲ್ಲೇ ಮುಳ್ಳು ಎಳೆದು ಎಳೆದು ಒಗೆದ. ಅಂಗೈ ತುಂಬ ರಕ್ತ. ಅಜ್ಜನನ್ನು ಎತ್ತಿಕೊಂಡೇ ಹೋಗಿ ಕಲ್ಲಿನ ಮೇಲೆ ಕೂರಿಸಿದ, ತಂಬಿಗೆ ಬಗ್ಗಿಸಿ ಕಾಲಿಗೆ ನೀರು ಹನಿಸಿದ.

ಕಾಲಿನಿಂದ ಇಳಿದ ನೀರು ಕಲ್ಲಿನ ಮೇಲೆ ಹರಿಯಿತು. ಕಲ್ಲಿನ ತುದಿಯಲ್ಲಿ ನೀರೇ ಕೊರೆದ ಒಂದು ಸಣ್ಣ ಕಾಲುವೆ. ಅದರಲ್ಲಿ ಇಳಿದು ಮೆಲ್ಲಗೆ, ಬಹಳ ಮೆಲ್ಲಗೆ, ಬಳ್ಳಿಯ ಬುಡಕ್ಕೆ ಹೋಯಿತು.

ಅಡಿವೆಪ್ಪ ಆ ಕಾಲುವೆಯನ್ನು ಮೂರು ವರ್ಷ ದಾಟಿ ಓಡಾಡಿದ್ದ. ಅವತ್ತು ನೋಡಿದ.

"ಅಜ್ಜಾರ, ಈ ಬಳ್ಳಿಗಿ ನೀವು ನೀರು ಹಾಕತಿದ್ದಿಲ್ಲೇನ್ರಿ?"

"ವರ್ಷಾ ಬೀಜ ಊರತೀನಿ. ನೀರು ಒಂದು ದಿನಾನೂ ಹಾಕಿಲ್ಲಪಾ."

ಅಡಿವೆಪ್ಪ ಕುಸಿದು ಕೂತ. "ಎಲ್ಲಾ ನಾನೇ ಕೆಡಿಸಿದೆ ರೀ. ನಾ ಊರಿಗಿ ಹೋಗತೀನಿ."

"ಹೋಗುವಂತಿ. ಮೊದಲು ಎಡಗಾಲು ತೊಳಿ. ಬಲಗಾಲೇ ಎಷ್ಟು ತೊಳಿತಿ?"

ಮರುದಿನ ನಸುಕಿಗೆ ಅಡಿವೆಪ್ಪ ಬಾನಿಯನ್ನು ಅದರ ಜಾಗಕ್ಕೆ ಉರುಳಿಸಿ ತಂದ. ಆಮೇಲೆ ಒರತೆಯ ಹತ್ತಿರ ಹೋಗಿ, ಸರದಿಯಲ್ಲಿ ಕೂತ ಎಲ್ಲರ ಮುಂದೆ ಕೈಮುಗಿದು ನಿಂತ.

"ಬೇಲಿ ತೆಗದೀನ್ರೆವ್ವಾ. ಕಾಲು ತೊಳಕೊಳ್ಳಾಕ ಬರ್ರಿ."

ಫಕೀರವ್ವ ಕೊಡದ ಮೇಲೆ ಮೊಣಕೈ ಊರಿದಳು. "ನನ್ನ ಕಾಲು ಇವತ್ತು ಸ್ವಚ್ಛ ಅದಾವಲ್ಲೋ."

"ಹೊಲಸು ಮಾಡಿಕೊಂಡು ಬರ್ರಿ."

ಸರದಿಗೆ ಸರದಿಯೇ ಘೊಳ್ಳೆಂದು ನಕ್ಕಿತು. ನಕ್ಕ ಮೇಲೆ ಸಿಟ್ಟು ಎಲ್ಲಿ ಉಳಿಯುತ್ತದೆ? ಅವತ್ತು ನಾಲ್ಕು ಜನ ಬಂದರು. ಮರುದಿನ ಹನ್ನೊಂದು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತಂಬಿಗೆ. ಅಡಿವೆಪ್ಪ ಕಲ್ಲಿನ ಪಕ್ಕ ಕೂತು ತಾನೇ ನೀರು ಹನಿಸಿದ. ಬಿರಿದ ಹಿಮ್ಮಡಿ ನೋಡಿದ, ಹುಣ್ಣಾದ ಬೆರಳು ನೋಡಿದ. ಫಕೀರವ್ವನ ಅಂಗಾಲಿನಲ್ಲಿ ಒಂದು ಜಾಲಿಮುಳ್ಳು ಮುರಿದು ಕೂತಿತ್ತು.

"ಯಾವ ಪುಣ್ಯಾತ್ಮನ ಬೇಲೀದೋ ಏನೋ," ಅಂದಳು.

ಅವನು ತಲೆ ತಗ್ಗಿಸಿ, ಪಿನ್ನಿನಿಂದ ಮೆಲ್ಲಗೆ ಕೆದಕಿ ಮುಳ್ಳು ತೆಗೆದ. ಆಮೇಲೆ ಎದ್ದು ಬಳ್ಳಿಯಲ್ಲಿ ಕಾಯಿ ಹುಡುಕಿದ.

"ಇಲ್ಲವ್ವಾ. ಈಗ ಒಂದೂ ಇಲ್ಲ."

"ಇದ್ದಾಗ ಹರಕೊಳ್ಳತೀನಿ ತಗೋ. ನಿನ್ನ ಕೇಳವರು ಯಾರು?"

ಮಿರಗ ಕೂಡಿತು. ಮೋಡ ಬಂದವು, ನೋಡಿದವು, ಹೋದವು. ಹನಿ ಬೀಳಲಿಲ್ಲ.

ಅಜ್ಜ ಚಪ್ಪರದ ಕೆಳಗೆ ಬಂದು ತಲೆ ಎತ್ತಿದ. ಮೇಲಿನ ಬಳ್ಳಿ ಒಣಗಿ ಹಗ್ಗವಾಗಿತ್ತು. ಬುಡದ ಗಿಣ್ಣಿನಿಂದ ಹೊಸ ಕುಡಿ ಎರಡು ಎದ್ದು ಹಂದರದ ಕಂಬ ಹಿಡಿದಿದ್ದವು.

"ಅರ್ಧ ಒಣಗೈತಿ," ಅಂದ.

"ಹೌದ್ರಿ. ಅದು ನಾ ಒಣಗಿಸಿದ್ದು."

"ಅರ್ಧ ಹಸಿರೈತಿ."

"ಅದು ನಂದಲ್ರಿ ಅಜ್ಜಾರ. ಬಂದವರದು."

"ಹಂಗಾದರ ಉಪದೇಶ ಬಂದವರಿಗೇ ಕೊಡಬೇಕಾತಲ್ಲೋ?"

ಅಡಿವೆಪ್ಪ ಕಾದದ್ದು ಮೂರು ವರ್ಷ. ಅವನು ನೆಲ ನೋಡಿದ. ಕಾಲುವೆಯ ಮಣ್ಣು ಇನ್ನೂ ಹಸಿಯಾಗಿತ್ತು.

"ಅವರಿಗೇ ಕೊಡ್ರಿ," ಅಂದ. "ನಾ ಅವರ ಕಾಲು ತೊಳಕೋತ ಇಲ್ಲೇ ಕುಂದರತೀನಿ. ಕೆಳಗ ಕುಂತವಂಗ ಒಂದಿಷ್ಟು ಹರದು ಬಂದರೂ ಸಾಕು."

ಅಜ್ಜ ಕಲ್ಲಿನ ಕಡೆ ಕೈ ತೋರಿಸಿದ.

"ಬಾ. ಕಲ್ಲಿನ ಮ್ಯಾಲೆ ಕೂಡು."

ಅಡಿವೆಪ್ಪ ಕೂತ. ಅಜ್ಜ ಬಾನಿಯಿಂದ ತಂಬಿಗೆ ತುಂಬಿಕೊಂಡ. ಒಂದು ಕೈ ಕಂಬಕ್ಕೆ ಕೊಟ್ಟು, ನೋಯುವ ಮೊಣಕಾಲು ಮಡಚಿ, ಶಿಷ್ಯನ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೆಸರು ಮೆತ್ತಿದ ಪಾದಕ್ಕೆ ಕೈ ಚಾಚಿದ.

"ಶಿವ ಶಿವಾ! ಅಜ್ಜಾರ, ನನ್ನ ಕಾಲು ನೀವು ಮುಟ್ಟೋದೇನ್ರಿ?" ಅಡಿವೆಪ್ಪ ಎರಡೂ ಕಾಲನ್ನು ಧೋತರದೊಳಗೆ ಎಳೆದುಕೊಂಡ.

ಅಜ್ಜ ತಂಬಿಗೆ ಬಗ್ಗಿಸಿ ಹಿಡಿದುಕೊಂಡೇ ಇದ್ದ.

"ಹಿಂಗ ಎಳಕೊಂಡರ ಹೆಂಗಪಾ? ಚಾಚು. ಬಳ್ಳಿ ಕಾಯಾಕತ್ತೈತಿ."