ನೇಕಾರನ ಹೆಂಡತಿಯ ಕಣ್ಣು

"ರೋಗ ಒಂದೇ. ವೈದ್ಯರಿಬ್ಬರು ಎರಡು ಮಾತು ಹೇಳುತ್ತಾರೆ. ಆಗ ನಾವೇ ಶಾಸ್ತ್ರ ಓದಿ ತಿಳಿದುಕೊಂಡರೆ ದಾರಿ ಸಿಗುತ್ತದೆಯೇ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನ ಹೆಂಡತಿಯ ಎರಡು ಕಣ್ಣಿಗೂ ಪೊರೆ ಬಂತು. ಮೊದಲು ನೂಲಿನ ಎಳೆ ಕಾಣದಾಯಿತು, ಆಮೇಲೆ ಮಗ್ಗವೇ ಮಸುಕಾಯಿತು. ಒಬ್ಬ ವೈದ್ಯ, 'ಸೂಜಿಯಿಂದ ಪೊರೆ ಸರಿಸಬೇಕು, ತಡಮಾಡಬೇಡ' ಎಂದ. ಇನ್ನೊಬ್ಬ, 'ಸೂಜಿ ಮುಟ್ಟಿಸಿದರೆ ಇರುವ ಬೆಳಕೂ ಹೋಗುತ್ತದೆ, ಅಂಜನ ಹಚ್ಚು ಸಾಕು' ಎಂದ. ಇಬ್ಬರೂ ಹೆಸರಾದವರು. ಇಬ್ಬರೂ ಒಳ್ಳೆಯವರು.

ನೇಕಾರ ಮಗ್ಗ ನಿಲ್ಲಿಸಿ ಮಠಕ್ಕೆ ಹೋದ. ಅಲ್ಲಿದ್ದ ವೈದ್ಯಶಾಸ್ತ್ರದ ತಾಳೆಯೋಲೆಗಳನ್ನು ಪಂಡಿತನೊಬ್ಬನ ಕಾಲು ಹಿಡಿದು ಓದಿಸಿಕೊಂಡ. ಒಂದು ಓಲೆ ಸೂಜಿ ಎಂದಿತು, ಇನ್ನೊಂದು ಅಂಜನ ಎಂದಿತು. ವೈದ್ಯರ ಜಗಳ ಓಲೆಯಲ್ಲೂ ಇತ್ತು.

ಆಗ ಅವನು ಊರೂರು ಸುತ್ತಿದ. ಆ ವೈದ್ಯರು ಮದ್ದು ಮಾಡಿದ್ದವರ ಮನೆ ಹುಡುಕಿ, ಜಗುಲಿಯಲ್ಲಿ ಕೂತು ಕೇಳಿದ. ಸೂಜಿ ಹಾಕಿಸಿಕೊಂಡ ಒಂಬತ್ತು ಮಂದಿಯಲ್ಲಿ ಏಳು ಮಂದಿಗೆ ಕಣ್ಣು ಕಂಡಿತ್ತು. ಇಬ್ಬರಿಗೆ ಇದ್ದದ್ದೂ ಹೋಗಿತ್ತು. ಅಂಜನ ಹಚ್ಚಿದವರಲ್ಲಿ ಯಾರಿಗೂ ಕೇಡಾಗಿರಲಿಲ್ಲ, ಯಾರ ಪೊರೆಯೂ ಕರಗಿರಲಿಲ್ಲ. ಅವರ ಬೆಳಕು ಮೆಲ್ಲಮೆಲ್ಲನೆ ಇಳಿಯುತ್ತಿತ್ತು. ಮಳೆಗಾಲ ಕಳೆದು ಚಳಿ ಬಂತು. ಇಷ್ಟು ತಿಳಿದ ಮೇಲೂ ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕಾಲು ಸೋತಿತು, ಮನಸ್ಸೂ ಸೋತಿತು.

ಮನೆಗೆ ಬಂದವನು ಹೊಸ್ತಿಲಲ್ಲೇ ಕುಸಿದು ಕೂತ. ಕಂಡದ್ದರಲ್ಲಿ ಒಂದನ್ನೂ ಮುಚ್ಚಿಡದೆ ಹೆಂಡತಿಗೆ ಹೇಳಿದ.

ಅವಳು, 'ಇದ್ದದ್ದೂ ಹೋಯಿತು ಅಂದಿರಲ್ಲ, ಆ ಇಬ್ಬರು ಹೇಗಿದ್ದಾರೆ?' ಎಂದು ಕೇಳಿದಳು.

'ಒಬ್ಬಳು ತಡವಿಕೊಂಡು ರಾಗಿ ಬೀಸುತ್ತಿದ್ದಳು. ಮಾಡಿಸಿ ನೋಡಿದೆನಲ್ಲ, ಅಷ್ಟೇ ಸಾಕು, ಅಂದಳು. ಇನ್ನೊಬ್ಬ ಗೋಡೆಯ ಕಡೆ ತಿರುಗಿ ಮಲಗಿದ್ದ.'

ಅವಳು, 'ಒಂದು ಕಣ್ಣಿಗೆ ಸೂಜಿ ಹಾಕಿಸೋಣ. ಇನ್ನೊಂದು ಇರಲಿ. ನೀವು ಇನ್ನು ತಿರುಗಬೇಡಿ' ಎಂದಳು.

ಹಾಗೆಯೇ ಮಾಡಿಸಿದರು. ಹದಿನೈದು ದಿನ ಕಳೆದು ಕಟ್ಟು ಬಿಚ್ಚಿದಾಗ ಅವಳು ಗಂಡನ ಮುಖ ನೋಡಿ, 'ಎಷ್ಟು ಸೊರಗಿದ್ದೀರಿ' ಎಂದಳು.

ಶಿಷ್ಯನ ಮುಖ ಅರಳಿತು. "ಹಾಗಾದರೆ ಸೂಜಿ ಎಂದ ವೈದ್ಯನೇ ಸರಿ. ಅವಳು ಮಾಡಿದ್ದೂ ಸರಿ" ಎಂದ.

ಗುರುಗಳು ಕೇಳಿದರು: "ಕಟ್ಟು ಬಿಚ್ಚಿದಾಗ ಅವಳಿಗೆ ಏನೂ ಕಾಣದಿದ್ದರೆ, ಅವಳು ಮಾಡಿದ್ದು ತಪ್ಪಾಗುತ್ತಿತ್ತೇ?"