ಗೋಡೆಯ ಮೇಲಿನ ಕಾಲು

ನಲವತ್ತು ವರ್ಷ ನಿಂತೇ ಕ್ಷೌರ ಮಾಡಿದ ಚೌಡಯ್ಯನ ಕಾಲಿನ ರಕ್ತನಾಳವೊಂದು ಉಬ್ಬಿಕೊಂಡಿತ್ತು. ಅದನ್ನು ತೆಗೆಸಲು ಅವನು ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದಾಗ, ಗೋಡೆಗೆ ತೂಗುಹಾಕಿದ್ದ ಕಾಲಿನ ಪಟ ಆ ನಾಳವನ್ನು ನೋಡಿ ಸಿಡುಕಿತು.

“ನಿನ್ನ ಜಾಗ ಮೊಣಕಾಲಿನ ಒಳಬದಿ. ಎರಡು ಬೆರಳು ಆಚೆ ಹೋಗಿದ್ದೀಯಲ್ಲ, ಯಾರನ್ನು ಕೇಳಿ ಹೋದೆ?”

“ಹುಟ್ಟಿದ್ದೇ ಇಲ್ಲಿ, ಸ್ವಾಮಿ,” ಎಂದಿತು ನಾಳ. “ತಾವು ಯಾರ ಕಾಲು?”

“ಯಾರದೂ ಅಲ್ಲ. ಅದಕ್ಕೇ ನನ್ನಲ್ಲಿ ತಪ್ಪಿಲ್ಲ.”

ಅಷ್ಟರಲ್ಲಿ ಚಾಕು ಬಂತು.

“ಕೊಯ್ಯುವ ಮುಂಚೆ ಒಮ್ಮೆ ಮುಟ್ಟಿ ನೋಡಪ್ಪ,” ಎಂದು ನಾಳ ಅಂಗಲಾಚಿತು.

ಚಾಕು ಪಟವನ್ನು ನೋಡಿತು, ಪಟ ತೋರಿಸಿದಲ್ಲೇ ಕೊಯ್ದಿತು.

“ಇಲ್ಲೇನೂ ಇಲ್ಲವಲ್ಲ, ಸ್ವಾಮಿ?” ಎಂದು ಚಾಕು ಕೇಳಿತು.

“ಇರಲೇಬೇಕು,” ಎಂದಿತು ಪಟ. “ಇನ್ನಷ್ಟು ಕೊಯ್ಯಿ.”